ಪಿಜಿ ಮುಗಿಸಿ ಹೋದವರನ್ನು ಏನು ಕೇಳಬೇಕು, ಯಾವಾಗ ಕೇಳಬೇಕು?

ಓಬಿಜಿ ಮೇಷ್ಟ್ರು:
ನಾನು ಒಂದು ಮೆಡಿಕಲ್ ಕಾಲೇಜಿನ ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ) ವಿಭಾಗದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ನಮ್ಮಲ್ಲಿ ಪಿಜಿ, ಅಂದರೆ ಎಂಬಿಬಿಎಸ್ ಆದ ಮೇಲಿನ ಎಂಎಸ್, ಮುಗಿಸಿ ಹೋದವರ ಅಭಿಪ್ರಾಯ ಸಂಗ್ರಹಿಸುವ ಕೆಲಸ ಈ ಸಲ ನನ್ನ ತಲೆಗೆ ಬಿದ್ದಿದೆ. ಹಳೆಯ ಫೈಲ್ ತೆಗೆದು ನೋಡಿದೆ. ಬೋಧನೆ ಹೇಗಿತ್ತು, ಲೈಬ್ರರಿ ಹೇಗಿತ್ತು, ಹಾಸ್ಟೆಲ್ ಊಟ ಹೇಗಿತ್ತು, ಒಂದರಿಂದ ಐದರವರೆಗೆ ಅಂಕ ಕೊಡಿ. ಹೆಚ್ಚುಕಡಿಮೆ ಎಲ್ಲರೂ ಐದೇ ಕೊಟ್ಟಿದ್ದಾರೆ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಫಾರ್ಮ್ ತುಂಬಿಸಿರುವುದು ನೋ ಡ್ಯೂ ಸಹಿ ಹಾಕಿಸಿಕೊಳ್ಳುವ ದಿನ. ಒರಿಜಿನಲ್ ಸರ್ಟಿಫಿಕೇಟ್‌ಗಳು ಇನ್ನೂ ಆಫೀಸಿನ ಬೀರುವಿನಲ್ಲಿರುವಾಗ ಯಾರು ತಾನೇ ಎರಡು ಕೊಡುತ್ತಾರೆ?

ಈ ಫೈಲ್ ಇರುವುದೇ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ತೋರಿಸುವುದಕ್ಕೆ. ಅವರ 1.4ನೇ ಅಂಶದಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು, ಕೆಲಸ ಕೊಟ್ಟವರು, ಹಳೆಯ ವಿದ್ಯಾರ್ಥಿಗಳು ಎಲ್ಲರ ಅಭಿಪ್ರಾಯ ಕೇಳಿರಬೇಕು. ನಾವು ಕೇಳಿದ್ದೇವೆ. ಗ್ರಾಫ್ ಕೂಡ ಹಾಕಿದ್ದೇವೆ. ಟ್ರೈನಿಂಗ್‌ನಲ್ಲಿ ಮಾತ್ರ ಏನೂ ಬದಲಾಗಿಲ್ಲ.

ಇನ್ನೊಂದು ವಿಷಯ. ಪಿಜಿ ವಿದ್ಯಾರ್ಥಿಗಳಿಗೆ ಅಂಕ ಹಾಕುವ ಅಪ್ರೈಸಲ್ ಫಾರ್ಮ್ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಮಾರ್ಗಸೂಚಿಯಲ್ಲೇ ಇದೆ. ಜರ್ನಲ್ ಕ್ಲಬ್, ರೋಗಿಗಳ ಕೆಲಸ, ಥೀಸಿಸ್, ಲಾಗ್‌ಬುಕ್, ಒಂದೊಂದಕ್ಕೂ 1ರಿಂದ 9ರವರೆಗೆ. ನಾಲ್ಕಕ್ಕಿಂತ ಕಡಿಮೆ ಬಂದರೆ ಸರಿಪಡಿಸಲು ಏನು ಮಾಡಬೇಕು ಅಂತಲೂ ಬರೆಯಬೇಕು. ನಮಗೆ, ಅಂದರೆ ವಿಭಾಗಕ್ಕೆ, ಯಾರೂ ಹಾಗೆ ಅಂಕ ಹಾಕುವುದಿಲ್ಲ.

ಈ ಸಲ ಕೆಲಸಕ್ಕೆ ಬರುವಂತೆ ಮಾಡಬೇಕು ಅಂತ ಆಸೆ. ಯಾರನ್ನು ಕೇಳಲಿ, ಯಾವಾಗ ಕೇಳಲಿ, ಏನು ಕೇಳಲಿ? ಓಬಿಜಿಯವರೇ ಹೇಳಬೇಕು ಅಂತೇನಿಲ್ಲ.

ತಾಲೂಕಾಸ್ಪತ್ರೆ ಡಾಕ್ಟ್ರಮ್ಮ:
ಸರ್, ನನ್ನನ್ನು ಕೇಳಿ. ನಾನೂ ಓಬಿಜಿ. ಎಂಎಸ್ ಮುಗಿದ ಮೇಲೆ ಕಡ್ಡಾಯ ಸೇವೆ ಅಂತ ತಾಲೂಕು ಆಸ್ಪತ್ರೆಗೆ ಬಂದೆ, ಆಮೇಲೆ ಇಲ್ಲೇ ಉಳಿದೆ. 2012ರ ಕಡ್ಡಾಯ ಸೇವೆ ಕಾಯ್ದೆಯನ್ನು ಬೈದುಕೊಂಡೇ ಬಂದವಳು ನಾನು. ಆದರೆ ನನ್ನ ಟ್ರೈನಿಂಗ್‌ನಲ್ಲಿ ಏನಿತ್ತು, ಏನಿರಲಿಲ್ಲ ಅಂತ ಗೊತ್ತಾಗಿದ್ದು ಇಲ್ಲಿ. ಕಾಲೇಜು ಬಿಡುವ ದಿನ ಕೇಳಿದ್ದರೆ ನಾನೂ ಐದೇ ಕೊಡುತ್ತಿದ್ದೆ. ಸುಳ್ಳಾಗಿ ಅಲ್ಲ, ನಿಜವಾಗಿಯೂ ಎಲ್ಲ ಬರುತ್ತದೆ ಅಂದುಕೊಂಡಿದ್ದೆ.

ಒಂದು ಉದಾಹರಣೆ ಕೊಡುತ್ತೇನೆ. ಹೆರಿಗೆ ತುಂಬಾ ಹೊತ್ತು ಎಳೆದು, ಮಗುವಿನ ತಲೆ ಪೆಲ್ವಿಸ್‌ನಲ್ಲಿ ಕೆಳಗೆ ಸಿಕ್ಕಿಕೊಂಡಿರುತ್ತದೆ. ಆಗ ಸಿಸೇರಿಯನ್ ಮಾಡುವುದು ಮಾಮೂಲಿ ಸಿಸೇರಿಯನ್ ಥರ ಅಲ್ಲ. ಭುಜವನ್ನು ಮೊದಲು ಹೊರಗೆ ತಂದು, ಮೈ ತಂದು, ಕೊನೆಗೆ ತಲೆ ಎತ್ತುವ ಪಟವರ್ಧನ್ ಮೆಥಡ್ ಇದೆ. ಥಿಯರಿಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಕಾಲೇಜಿನಲ್ಲಿ ಇಂಥ ಕೇಸ್ ಬಂದರೆ ಸೀನಿಯರ್ ಬಂದು ಮಾಡುತ್ತಿದ್ದರು, ನಾನು ರಿಟ್ರಾಕ್ಟರ್ ಹಿಡಿಯುತ್ತಿದ್ದೆ. ಲಾಗ್‌ಬುಕ್‌ನಲ್ಲಿ ‘ಅಸಿಸ್ಟೆಡ್’ ಅಂತ ಬರೆದು ಸಹಿ ಹಾಕಿಸಿದ್ದಾಯಿತು. ಅವರು ಮಾಡಿದ್ದು ತಪ್ಪಲ್ಲ, ರೋಗಿಯ ಜೀವ ಮುಖ್ಯ. ಆದರೆ ಮೂರನೇ ವರ್ಷದಲ್ಲಾದರೂ ಅವರು ಪಕ್ಕದಲ್ಲಿ ನಿಂತು ನನ್ನ ಕೈಯಲ್ಲಿ ಮಾಡಿಸಬಹುದಿತ್ತು. ಇಲ್ಲಿ ನನ್ನ ಪಕ್ಕದಲ್ಲಿ ನಿಲ್ಲುವವರು ಯಾರೂ ಇಲ್ಲ. ಅನಸ್ತೇಷಿಯಾದವರು ರಜೆ ಹಾಕಿದರೆ ಅವರೂ ಇಲ್ಲ.

ಇನ್ನೊಂದು ಸ್ಕ್ಯಾನಿಂಗ್. ಕಾಲೇಜಿನಲ್ಲಿ ರೇಡಿಯಾಲಜಿಗೆ ಬರೆದು ಕಳಿಸಿದರೆ ರಿಪೋರ್ಟ್ ಬರುತ್ತಿತ್ತು. ನಾವು ಪ್ರೋಬ್ ಮುಟ್ಟಿದ್ದೇ ಕಡಿಮೆ. ಇಲ್ಲಿ ಸಂಜೆ ಆರರ ಮೇಲೆ ರೇಡಿಯಾಲಜಿಸ್ಟ್ ಇರುವುದಿಲ್ಲ. ರಕ್ತ ಹೋಗುತ್ತಾ ಬಂದ ಗರ್ಭಿಣಿಗೆ ಮಾಸು ಎಲ್ಲಿದೆ ಅಂತ ನಾನೇ ನೋಡಬೇಕು. ನೋಡದೆ ಒಳಗೆ ಕೈ ಹಾಕಿ ಪರೀಕ್ಷೆ ಮಾಡುವ ಹಾಗಿಲ್ಲ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಫಾರ್ಮ್ ಎಫ್ ತುಂಬುವುದು ಹೇಗೆ ಅನ್ನುವುದನ್ನೂ ಇಲ್ಲಿಗೆ ಬಂದ ಮೇಲೆ ಕಲಿತೆ.

ಹಾಗಾಗಿ ಬೋಧನೆ ಹೇಗಿತ್ತು ಅಂತ ಕೇಳಬೇಡಿ ಸರ್. ‘ಮೊದಲ ವರ್ಷ ಒಬ್ಬರೇ ಇದ್ದಾಗ ಯಾವ ಕೇಸ್ ನೋಡಿ ಹೆದರಿದಿರಿ? ಯಾವುದನ್ನು 108ಕ್ಕೆ ಹತ್ತಿಸಿ ಕಳಿಸಿದಿರಿ, ಟ್ರೈನಿಂಗ್ ಸರಿ ಇದ್ದಿದ್ದರೆ ಅದನ್ನು ನೀವೇ ಮಾಡುತ್ತಿದ್ದಿರಾ?’ ಅಂತ ಕೇಳಿ.

ನೈಟ್ ಡ್ಯೂಟಿ ಪಿಜಿ:
ಮೇಡಂ ಹೇಳಿದ್ದು ಸರಿ. ಆದರೆ ಒಂದು ಪ್ರಶ್ನೆ. ಪಾಸ್ಔಟ್ ಆದವರನ್ನು ಕೇಳಿ ಸರಿ ಮಾಡುವಷ್ಟರಲ್ಲಿ ನಾವು ಮೂರು ವರ್ಷ ಮುಗಿಸಿರುತ್ತೇವೆ. ಈಗ ಇರುವ ನಮ್ಮನ್ನು ಯಾಕೆ ಕೇಳಬಾರದು? ಕೇಳಿದರೂ ನಾವು ಹೇಳುವುದಿಲ್ಲ ಬಿಡಿ. ಥೀಸಿಸ್‌ಗೆ ಸಹಿ ಹಾಕುವವರು ನಮ್ಮ ಮೇಷ್ಟ್ರುಗಳೇ. ಪ್ರಾಕ್ಟಿಕಲ್ ಎಕ್ಸಾಮ್‌ನಲ್ಲಿ ನಾಲ್ಕು ಜನ ಎಕ್ಸಾಮಿನರ್ ಇದ್ದರೆ ಅದರಲ್ಲಿ ಇಬ್ಬರು ನಮ್ಮ ಕಾಲೇಜಿನವರೇ. ಒಂದು ಸಲ ‘ಹೆಸರು ಬರೆಯಬೇಡಿ’ ಅಂತ ಗೂಗಲ್ ಫಾರ್ಮ್ ಕೊಟ್ಟರು. ತೆರೆದರೆ ಮೇಲ್ ಐಡಿ ಹಾಕಿ ಅಂತ ಬಂತು. ನಮ್ಮ ಯೂನಿಟ್‌ನಲ್ಲಿ ನನ್ನ ವರ್ಷದವರು ಇರುವುದೇ ಇಬ್ಬರು. ಮೇಲ್ ಐಡಿ ಇಲ್ಲದಿದ್ದರೂ ಬರೆದವರು ಯಾರು ಅಂತ ಗೊತ್ತಾಗದೇ ಇರುತ್ತದಾ?

ಡ್ಯೂಟಿ ಗಂಟೆ ಬಗ್ಗೆ ಹೇಳಬೇಕು ಅಂದರೆ ಹೊಸದಾಗಿ ಏನೂ ಹೇಳುವುದಿಲ್ಲ. ಕೇಂದ್ರ ಆರೋಗ್ಯ ಇಲಾಖೆಯ ರೆಸಿಡೆನ್ಸಿ (ಪಿಜಿ ಡಾಕ್ಟರ್‌ಗಳ ಕೆಲಸದ) ಆದೇಶ 1992ರಲ್ಲೇ ಬಂದಿದೆ. ಒಂದೇ ಸಮನೆ 12 ಗಂಟೆಗಿಂತ ಜಾಸ್ತಿ ಬೇಡ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ. ಎನ್‌ಎಂಸಿಯ 2023ರ ಪಿಜಿ ನಿಯಮದಲ್ಲಿ ಗಂಟೆಯ ಲೆಕ್ಕ ಹೋಗಿ ‘ಸಮಂಜಸವಾದ ಕೆಲಸದ ಅವಧಿ’ ಅಂತ ಬಂದಿದೆ. ಅವರದೇ ಟಾಸ್ಕ್ ಫೋರ್ಸ್ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು ಅಂದಿತು. 48ರಿಂದ 74ಕ್ಕೆ ಏರಿದ ಮೇಲೂ ಅದು ನಮಗೆ ಕನಸಿನ ಥರ ಕಾಣುತ್ತದೆ.

ಹಳೇ ಎಚ್‌ಓಡಿ:
ನಾನು ಸರ್ಜರಿಯಲ್ಲಿ ವಿಭಾಗ ಮುಖ್ಯಸ್ಥನಾಗಿದ್ದು ನಿವೃತ್ತನಾದವನು. ಉತ್ಸಾಹಕ್ಕೆ ತಣ್ಣೀರು ಎರಚುವುದು ನನ್ನ ಉದ್ದೇಶ ಅಲ್ಲ, ಆದರೂ ಎರಡು ಮಾತು.

ಮೊದಲನೆಯದು, ಬಿಟ್ಟು ಹೋದವರ ಮಾತು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಹೋದ ಹೊಸತರಲ್ಲಿ ‘ವಾರ್ಡ್ ಕೆಲಸ ಮಾಡಿಸಿಯೇ ನಮ್ಮನ್ನು ಹಾಳು ಮಾಡಿದಿರಿ, ಓಟಿಗೆ ಬಿಡಲಿಲ್ಲ’ ಅನ್ನುತ್ತಾರೆ. ಅದೇ ಹುಡುಗರು ಕೆಲವು ವರ್ಷ ಬಿಟ್ಟು ಮದುವೆ ಮನೆಯಲ್ಲಿ ಸಿಕ್ಕಾಗ, ‘ಸರ್, ಆಪರೇಷನ್ ಎಲ್ಲಾದರೂ ಕಲಿಯಬಹುದು, ಆಪರೇಷನ್ ಆದ ರೋಗಿ ಮೂರನೇ ದಿನ ಹದಗೆಡುವುದನ್ನು ಮೊದಲೇ ಗುರುತಿಸುವುದು ನಿಮ್ಮ ವಾರ್ಡ್‌ನಲ್ಲೇ ಕಲಿತಿದ್ದು’ ಅನ್ನುತ್ತಾರೆ. ಯಾವುದನ್ನು ನಂಬಲಿ? ಎರಡೂ ನಿಜವೇ. ಮೊದಲನೆಯದನ್ನು ಕೇಳಿ ವಾರ್ಡ್ ಡ್ಯೂಟಿ ಕಡಿಮೆ ಮಾಡಿದ್ದರೆ ಎರಡನೆಯದು ಸಿಗುತ್ತಿರಲಿಲ್ಲ.

ಎರಡನೆಯದು, ಕೇಸ್ ಬರಬೇಕಲ್ಲ? ಫಾರ್ಮ್‌ನಲ್ಲಿ ಬರೆದ ತಕ್ಷಣ ಕೇಸ್ ಹೆಚ್ಚಾಗುವುದಿಲ್ಲ. ಸೀಟು ಮಾತ್ರ ಹೆಚ್ಚಾಗಿವೆ. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಆಪರೇಷನ್‌ಗಳನ್ನು ಈಗ ಏಳೆಂಟು ಜನ ಹಂಚಿಕೊಳ್ಳಬೇಕು. ಇದಕ್ಕೆ ಅಸಿಸ್ಟೆಂಟ್ ಪ್ರೊಫೆಸರ್ ಏನು ಮಾಡಲಿಕ್ಕೆ ಆಗುತ್ತದೆ?

ಓಬಿಜಿ ಮೇಷ್ಟ್ರು:
ಸರ್, ವಾರ್ಡ್ ಕೆಲಸದ ಮಾತು ಒಪ್ಪುತ್ತೇನೆ. ಹಾಗಾದರೆ ಎರಡು ಸಲ ಕೇಳಬೇಕು ಅಲ್ವಾ? ಹೋಗಿ ಒಂದು ವರ್ಷಕ್ಕೆ ಒಮ್ಮೆ, ಐದು ವರ್ಷಕ್ಕೆ ಇನ್ನೊಮ್ಮೆ. ಒಂದು ವರ್ಷದವರು ಕೈಯಲ್ಲಿ ಬಾರದೇ ಹೋದದ್ದನ್ನು ಹೇಳುತ್ತಾರೆ. ಐದು ವರ್ಷದವರು ಯಾವುದು ಕೊನೆಗೂ ಉಪಯೋಗಕ್ಕೆ ಬಂತು ಅಂತ ಹೇಳುತ್ತಾರೆ. ಆಗ ತೆಗೆಯಬಾರದ್ದನ್ನು ತೆಗೆಯುವ ಅಪಾಯ ಕಡಿಮೆಯಾಗುತ್ತದೆ.

ಕೇಸ್ ವಿಷಯದಲ್ಲಿ ಮಾತ್ರ ಪೂರ್ತಿ ಒಪ್ಪಲಾರೆ. ಡಾಕ್ಟ್ರಮ್ಮ ಹೇಳಿದ ಸ್ಕ್ಯಾನಿಂಗ್ ತೆಗೆದುಕೊಳ್ಳಿ. ಗರ್ಭಿಣಿಯರಿಗೆ ನಮ್ಮಲ್ಲಿ ಕೊರತೆ ಇಲ್ಲ. ಯಂತ್ರವೂ ಇದೆ. ಇಲ್ಲದಿರುವುದು ಪಿಜಿ ಅಲ್ಲಿ ಕೂರುವ ಹೊತ್ತು.

ಬರ್ಮಿಂಗ್‌ಹ್ಯಾಮ್ ಕನ್ನಡಿಗ:
ನಾನು ಕರ್ನಾಟಕದಲ್ಲಿ ಎಂಬಿಬಿಎಸ್ ಮಾಡಿ, ಬ್ರಿಟನ್‌ಗೆ ಬರುವ ಹೊರದೇಶದ ಡಾಕ್ಟರ್‌ಗಳ ಪರೀಕ್ಷೆ ಪ್ಲ್ಯಾಬ್ ಬರೆದು ಇಲ್ಲಿಗೆ ಬಂದವನು. ಈಗ ಇಲ್ಲೇ ಟ್ರೈನಿಂಗ್‌ನಲ್ಲಿದ್ದೇನೆ. ಇಲ್ಲಿ ಡಾಕ್ಟರ್‌ಗಳ ನಿಯಂತ್ರಣ ಸಂಸ್ಥೆ ಜಿಎಂಸಿ ಪ್ರತಿ ವರ್ಷ ದೇಶದ ಎಲ್ಲ ಟ್ರೈನಿ ಡಾಕ್ಟರ್‌ಗಳನ್ನು ಒಂದು ಸರ್ವೇ ಕೇಳುತ್ತದೆ. ಕಲಿಸುವವರನ್ನೂ ಕೇಳುತ್ತದೆ. ಫಲಿತಾಂಶವನ್ನು ಆಸ್ಪತ್ರೆಯ ಹೆಸರು, ವಿಭಾಗದ ಹೆಸರು ಸಮೇತ ಎಲ್ಲರೂ ನೋಡುವಂತೆ ಹಾಕುತ್ತಾರೆ. ಉಳಿದವರಿಗಿಂತ ತೀರಾ ಕೆಳಗಿದ್ದರೆ ಕೆಂಪು, ಮೇಲಿದ್ದರೆ ಹಸಿರು. ಪರಿಸ್ಥಿತಿ ತೀರಾ ಕೆಟ್ಟಿದ್ದರೆ ಆ ಜಾಗಕ್ಕೆ ಕೊಟ್ಟ ಟ್ರೈನಿಂಗ್ ಮಾನ್ಯತೆಯನ್ನೇ ವಾಪಸ್ ತೆಗೆದುಕೊಳ್ಳಬಹುದು. ಕೆಂಪು ಬಣ್ಣ ಬಂತು ಅಂದರೆ ಕನ್ಸಲ್ಟೆಂಟ್‌ಗಳು ಮೀಟಿಂಗ್ ಕರೆಯುತ್ತಾರೆ, ಅದನ್ನು ಕಣ್ಣಾರೆ ನೋಡಿದ್ದೇನೆ.

ಪಿಜಿ ಹೇಳಿದ ಹೆದರಿಕೆಗೂ ಒಂದು ಉಪಾಯ ಇದೆ. ಮೂರಕ್ಕಿಂತ ಕಡಿಮೆ ಜನ ಇರುವ ಗುಂಪಿನ ಉತ್ತರವನ್ನು ತೋರಿಸುವುದೇ ಇಲ್ಲ. ಅಮೆರಿಕದಲ್ಲಿ ಇಂಥ ಟ್ರೈನಿಂಗ್‌ಗೆ ಮಾನ್ಯತೆ ಕೊಡುವ ಎಸಿಜಿಎಂಇ ಕೂಡ ಹಾಗೇ. ನಾಲ್ಕಕ್ಕಿಂತ ಕಡಿಮೆ ರೆಸಿಡೆಂಟ್‌ಗಳಿದ್ದರೆ ಕೆಲವು ವರ್ಷದ ಉತ್ತರಗಳನ್ನು ಒಟ್ಟು ಸೇರಿಸಿಯೇ ಕಾಲೇಜಿಗೆ ಕೊಡುತ್ತಾರೆ. ಶೇಕಡಾ 70 ಜನವಾದರೂ ಉತ್ತರಿಸಬೇಕು ಅನ್ನುವ ನಿಯಮವೂ ಇದೆ.

ಹಾಗಂತ ಇಲ್ಲಿ ಎಲ್ಲ ಚಿನ್ನ ಅಂತ ಅಲ್ಲ. ರೋಟಾ (ಡ್ಯೂಟಿ ಪಟ್ಟಿ) ತುಂಬಲು ನಮ್ಮನ್ನು ಬಳಸಿಕೊಳ್ಳುವುದು ಇಲ್ಲೂ ಇದೆ. ಮುಖ್ಯವಾದ ವ್ಯತ್ಯಾಸ ಒಂದೇ. ಇಲ್ಲಿ ಕೇಳುವವರು ನನ್ನ ಬಾಸ್ ಅಲ್ಲ.

ಲೇಬರ್ ರೂಮ್ ಸಿಸ್ಟರ್:
ಡಾಕ್ಟರ್‌ಗಳ ನಡುವೆ ಮಾತಾಡುತ್ತಿದ್ದೇನೆ, ಬೇಜಾರಾಗಬೇಡಿ. ನಾನು ಲೇಬರ್ ರೂಮ್‌ನಲ್ಲಿ ಹಳಬಳು. ಯಾವ ಪಿಜಿ ತಯಾರಾಗಿದ್ದಾರೆ, ಯಾರು ಆಗಿಲ್ಲ ಅಂತ ನಮಗೆ ನಿಮಗಿಂತ ಮೊದಲು ಗೊತ್ತಾಗುತ್ತದೆ. ಹೆರಿಗೆ ಆದ ಮೇಲೆ ರಕ್ತಸ್ರಾವ ಶುರುವಾದಾಗ ಔಷಧಿ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಎಲ್ಲ ಬಾಯಿಪಾಠ. ಆದರೆ ಕೆಲವರು ಅಷ್ಟು ಹೇಳಿ ಸುಮ್ನೆ ನಿಂತುಬಿಡುತ್ತಾರೆ. ಇನ್ನು ಕೆಲವರು ಒಂದು ಕೈ ಹೊಟ್ಟೆ ಮೇಲೆ ಇಟ್ಟು ಗರ್ಭಕೋಶ ಒತ್ತುತ್ತಲೇ, ನೀವು ರಕ್ತಕ್ಕೆ ಕಳಿಸಿ, ನೀವು ಮೇಡಂಗೆ ಫೋನ್ ಮಾಡಿ, ನೀವು ಟೈಮ್ ಬರೆಯಿರಿ ಅಂತ ಕೆಲಸ ಹಂಚುತ್ತಾರೆ. ಇದನ್ನು ಯಾವ ಫಾರ್ಮ್‌ನಲ್ಲಿ ಕೇಳುತ್ತೀರಿ? ನಮ್ಮನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ.

ತಾಲೂಕಾಸ್ಪತ್ರೆ ಡಾಕ್ಟ್ರಮ್ಮ:
ಸಿಸ್ಟರ್, ನೂರಕ್ಕೆ ನೂರು ಸತ್ಯ. ಆ ಕೆಲಸ ಹಂಚುವುದನ್ನು ನನಗೆ ಕಲಿಸಿದ್ದು ಇಲ್ಲಿಯ ಸೀನಿಯರ್ ಸಿಸ್ಟರ್. ಮೇಷ್ಟ್ರೇ, ಈ ಒಂದು ಸಾಲನ್ನಾದರೂ ಬರೆದುಕೊಳ್ಳಿ.

ಡಿಎನ್‌ಬಿ ಹುಡುಗ:
ಖಾಸಗಿ ಆಸ್ಪತ್ರೆಯಲ್ಲಿ ಡಿಎನ್‌ಬಿ (ಎಂಎಸ್‌ಗೆ ಸಮಾನವಾದ ಪಿಜಿ ಕೋರ್ಸ್) ಮಾಡಿದವನ ಕಡೆಯಿಂದ ಒಂದು ಸಣ್ಣ ಮಾತು. ನಮ್ಮಲ್ಲಿ ಬೆಳಗಿನ ಚರ್ಚೆ, ಪ್ರೋಟೋಕಾಲ್, ಯಂತ್ರಗಳು ಎಲ್ಲ ಚೆನ್ನಾಗಿತ್ತು. ದುಡ್ಡು ಕೊಟ್ಟು ಡಾಕ್ಟರ ಹೆಸರು ಹೇಳಿಕೊಂಡು ಬಂದ ರೋಗಿಯ ಮೇಲೆ ನನಗೆ ಚಾಕು ಕೊಡುವುದು ಮಾತ್ರ ಕಷ್ಟವಿತ್ತು. ಮೆಡಿಕಲ್ ಕಾಲೇಜಿನ ಗೆಳೆಯರಿಗೆ ಇದರ ಉಲ್ಟಾ. ಹಾಗಾಗಿ ಒಂದೇ ಫಾರ್ಮ್ ಎಲ್ಲ ಕಡೆ ಹಂಚಬೇಡಿ, ಹಂಚಿದರೂ ಹೋಲಿಸಬೇಡಿ.

ಲೆಕ್ಕದ ಡಾಕ್ಟ್ರು:
ಕಮ್ಯುನಿಟಿ ಮೆಡಿಸಿನ್ ಮೇಷ್ಟ್ರಾಗಿ ಲೆಕ್ಕದ ಬಗ್ಗೆ ಸ್ವಲ್ಪ ಕೊರೆಯುತ್ತೇನೆ.

ಸರಾಸರಿ ತೆಗೆಯಬೇಡಿ. ಒಂಬತ್ತು ಜನರ ಉತ್ತರಕ್ಕೆ 4.2 ಅಂತ ಸರಾಸರಿ ಹಾಕಿ ಗ್ರಾಫ್ ಬಿಡಿಸಿದರೆ ಅದರಿಂದ ಏನೂ ತಿಳಿಯುವುದಿಲ್ಲ. ‘ಒಂಬತ್ತರಲ್ಲಿ ಏಳು ಜನ ಸ್ಕ್ಯಾನಿಂಗ್ ಬರಲಿಲ್ಲ ಅಂದರು’ ಅಂತ ಬರೆದರೆ ಯಾರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೂರು ಬ್ಯಾಚ್ ಒಟ್ಟಿಗೆ ಸೇರಿಸಿ, ಆಗ ಯಾರು ಬರೆದರು ಅನ್ನುವ ಊಹೆಯೂ ಕಷ್ಟವಾಗುತ್ತದೆ.

ಯಾರು ಉತ್ತರ ಕೊಡಲಿಲ್ಲ ಅನ್ನುವುದನ್ನೂ ನೋಡಿ. ವಿಭಾಗದ ಮೇಲೆ ಪ್ರೀತಿ ಇರುವವರು, ತೀರಾ ಸಿಟ್ಟಿರುವವರು ಬೇಗ ಬರೆಯುತ್ತಾರೆ. ಮಧ್ಯದವರು ಲಿಂಕ್ ತೆರೆಯುವುದೇ ಇಲ್ಲ. ಕೋರ್ಸ್ ಅರ್ಧಕ್ಕೆ ಬಿಟ್ಟು ಹೋದವರಂತೂ ಪಾಸ್ಔಟ್ ಪಟ್ಟಿಯಲ್ಲೇ ಇರುವುದಿಲ್ಲ. ಅವರಿಗೆ ಹೇಳುವುದು ಎಷ್ಟಿರಬಹುದು ಯೋಚಿಸಿ. ನನ್ನ ಪ್ರಕಾರ ಫಾರ್ಮ್‌ಗಿಂತ ಫೋನ್ ಒಳ್ಳೆಯದು, ಆದರೆ ಫೋನ್ ಮಾಡುವವರು ಆ ವಿಭಾಗದವರಾಗಿರಬಾರದು. ಪ್ರಶ್ನೆಗಳು ಐದೋ ಆರೋ ಇದ್ದರೆ ಸಾಕು. ಲಾಗ್‌ಬುಕ್‌ನಲ್ಲಿರುವ ವಿಂಗಡಣೆಯನ್ನೇ ಬಳಸಿ: ನೋಡಿದ್ದು, ಸಹಾಯ ಮಾಡಿದ್ದು, ಮೇಲ್ವಿಚಾರಣೆಯಲ್ಲಿ ಮಾಡಿದ್ದು, ಒಬ್ಬರೇ ಮಾಡಿದ್ದು. ಒಂದೊಂದು ಕೆಲಸಕ್ಕೂ ಕಾಲೇಜು ಬಿಡುವಾಗ ಯಾವ ಮಟ್ಟದಲ್ಲಿದ್ದಿರಿ, ಈಗ ಕೆಲಸಕ್ಕೆ ಯಾವ ಮಟ್ಟ ಬೇಕಾಗಿದೆ ಅಂತ ಕೇಳಿ. ಎರಡರ ನಡುವಿನ ಅಂತರವೇ ನಿಮಗೆ ಬೇಕಾಗಿರುವುದು.

ಹಳೇ ಎಚ್‌ಓಡಿ:
ಇದು ಒಪ್ಪುವಂಥ ಮಾತು. ‘ತೃಪ್ತಿ’ ಕೇಳಿದರೆ ಯಾರೂ ಏನೂ ಮಾಡಲು ಆಗುವುದಿಲ್ಲ. ಈ ಅಂತರ ಕೈಗೆ ಕೊಟ್ಟರೆ ಪೋಸ್ಟಿಂಗ್ ಪಟ್ಟಿ ಬದಲಿಸಬಹುದು. ಪೋಸ್ಟಿಂಗ್ ಪಟ್ಟಿಯಾದರೂ ಎಚ್‌ಓಡಿ ಕೈಯಲ್ಲಿದೆ. ಸೀಟು, ಸ್ಟೈಪೆಂಡ್, ಹಾಸ್ಟೆಲ್ ಯಾವುದೂ ಅಲ್ಲ.

ನೈಟ್ ಡ್ಯೂಟಿ ಪಿಜಿ:
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಸರಿ, ನಾನೇ ಒಂದು ಹೇಳುತ್ತೇನೆ. ನಮಗೆ ಡಿಆರ್‌ಪಿ ಇದೆಯಲ್ಲ, ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಹಾಕುತ್ತಾರೆ. ಮೂರನೇ, ನಾಲ್ಕನೇ ಅಥವಾ ಐದನೇ ಸೆಮಿಸ್ಟರ್‌ನಲ್ಲಿ. ನಾನು ಈಗಷ್ಟೇ ಮುಗಿಸಿ ಬಂದೆ. ಮೇಡಂ ತಾಲೂಕು ಆಸ್ಪತ್ರೆಯಲ್ಲಿ ಕಂಡದ್ದರಲ್ಲಿ ಅರ್ಧ ನನಗೆ ಅಲ್ಲೇ ಕಂಡಿತು. ಅಲ್ಲಿ ಹತ್ತಾರು ಜನ ಪಿಜಿಗಳಿಲ್ಲ, ಕೇಸ್ ಬಂದರೆ ನೀನೇ ನೋಡಮ್ಮ ಅನ್ನುತ್ತಾರೆ. ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಮೊದಲ ವಾರದಲ್ಲೇ ಗೊತ್ತಾಯಿತು. ವಾಪಸ್ ಬಂದ ಮೇಲೆ ವಿಭಾಗದಲ್ಲಿ ಕೇಳಿದ್ದು ಅಟೆಂಡೆನ್ಸ್ ಸರ್ಟಿಫಿಕೇಟ್ ಮಾತ್ರ. ‘ಅಲ್ಲಿ ಏನು ಮಾಡಲು ಆಗಲಿಲ್ಲ?’ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಹೆದರಿಕೆಯೂ ಇರಲಿಲ್ಲ, ಯಾಕೆಂದರೆ ಅದು ಯಾರ ಮೇಲೂ ದೂರಲ್ಲ. ನನಗೆ ಇನ್ನೂ ಸಮಯ ಇದೆ, ಸರಿಪಡಿಸಿಕೊಳ್ಳಬಹುದು.

ಓಬಿಜಿ ಮೇಷ್ಟ್ರು:
ಇದು ನನಗೆ ಹೊಳೆದೇ ಇರಲಿಲ್ಲ. ಪಾಸ್ಔಟ್ ಆದವರಿಂದ ಕೇಳುವ ಪ್ರಶ್ನೆಯನ್ನೇ ಡಿಆರ್‌ಪಿಯಿಂದ ಬಂದವರಿಗೂ ಕೇಳಬಹುದು. ಹೊರಗೆ ಹೋಗಿ ಬಂದಿರುತ್ತಾರೆ, ಇನ್ನೂ ನಮ್ಮ ಕೈಯಲ್ಲೇ ಇರುತ್ತಾರೆ. ಹಳಬರು ಹೇಳಿದ್ದು ಪೋಸ್ಟಿಂಗ್ ಪಟ್ಟಿಗೆ, ಡಿಆರ್‌ಪಿಯವರು ಹೇಳಿದ್ದು ಅವರದೇ ಉಳಿದ ಸೆಮಿಸ್ಟರ್‌ಗೆ. ಜಿಲ್ಲಾ ಆಸ್ಪತ್ರೆಯಲ್ಲಿ ಅವರನ್ನು ನೋಡಿಕೊಂಡ ಸ್ಪೆಷಲಿಸ್ಟ್ ಒಬ್ಬರು ಇರುತ್ತಾರಲ್ಲ, ಅವರಿಗೂ ಒಂದು ಫೋನ್ ಮಾಡಬಹುದು. ನ್ಯಾಕ್‌ನವರು ಕೇಳುವ ‘ಕೆಲಸ ಕೊಟ್ಟವರ ಅಭಿಪ್ರಾಯ’ ಅಂದರೆ ನಿಜವಾಗಿ ಇದೇ.

ಇಷ್ಟು ಹೊತ್ತು ಓದಿದ್ದರಿಂದ ನಾನು ವಿಭಾಗದ ಮೀಟಿಂಗ್‌ಗೆ ಒಯ್ಯುವ ಕರಡು ಹೀಗಿದೆ. ಒಂದು ವರ್ಷ ಕಳೆದವರು, ಐದು ವರ್ಷ ಕಳೆದವರು, ಡಿಆರ್‌ಪಿ ಮುಗಿಸಿ ಬಂದವರು, ಈ ಮೂರು ಗುಂಪು. ಹನ್ನೆರಡು ಕೆಲಸಗಳ ಪಟ್ಟಿ. ಅದರಲ್ಲಿ ತಲೆ ಸಿಕ್ಕಿಕೊಂಡ ಸಿಸೇರಿಯನ್, ವ್ಯಾಕ್ಯೂಮ್ ಹೆರಿಗೆ, ಮಾಸು ನೋಡುವ ಸ್ಕ್ಯಾನ್, ರಕ್ತಸ್ರಾವದಲ್ಲಿ ಟೀಮ್ ನಡೆಸುವುದು, ಕೆಟ್ಟ ಸುದ್ದಿ ಮನೆಯವರಿಗೆ ಹೇಳುವುದು ಇರುತ್ತವೆ. ಒಂದೊಂದಕ್ಕೂ ಆಗ ಯಾವ ಮಟ್ಟ, ಈಗ ಯಾವ ಮಟ್ಟ ಬೇಕು. ಕೊನೆಯಲ್ಲಿ ಎರಡು ಬಿಡಿ ಪ್ರಶ್ನೆ: ಯಾವ ಕೇಸ್ ನೋಡಿ ಹೆದರಿದಿರಿ, ನಮ್ಮಲ್ಲಿ ಯಾವುದನ್ನು ಮಾತ್ರ ಬದಲಾಯಿಸಬಾರದು. ಲೇಬರ್ ರೂಮ್ ಸಿಸ್ಟರ್‌ಗಳ ಜೊತೆ ಬೇರೆಯಾಗಿ ಕೂತು ಮಾತು. ಯಾರೂ ಅಂಕ ಕೊಡುವುದಿಲ್ಲ.

ಡ್ಯೂಟಿ ಗಂಟೆಯನ್ನು ಇದರಲ್ಲಿ ಹಾಕಿಲ್ಲ. ಹಾಕಿದರೆ ಮೀಟಿಂಗ್ ಅದರಲ್ಲೇ ಮುಗಿದುಹೋಗುತ್ತದೆ. ಪಿಜಿಯವರು ಬೈಯಬಹುದು.

ನೈಟ್ ಡ್ಯೂಟಿ ಪಿಜಿ:
ಬೈಯುತ್ತೇನೆ ಸರ್. ರಾತ್ರಿಯಿಡೀ ನಿಂತವರಿಗೆ ಬೆಳಿಗ್ಗೆ ಸ್ಕ್ಯಾನಿಂಗ್ ಪೋಸ್ಟಿಂಗ್ ಕೊಟ್ಟರೆ ಪ್ರೋಬ್ ಹಿಡಿದೇ ನಿದ್ದೆ ಹೋಗುತ್ತೇವೆ. ‘ಯಾಕೆ ಕಲಿಯಲು ಆಗಲಿಲ್ಲ’ ಅಂತ ಒಂದು ಕಾಲಂ ಇಡಿ. ಗಂಟೆಯ ಲೆಕ್ಕ ತಾನಾಗಿಯೇ ಅದರಲ್ಲಿ ಬರುತ್ತದೆ. ಸ್ಯಾಂಪಲ್ ಹಿಡಿದು ಲ್ಯಾಬ್‌ಗೆ ಓಡುವುದು, ರಿಪೋರ್ಟ್ ತರುವುದು, ಇನ್ಶೂರೆನ್ಸ್ ಫಾರ್ಮ್ ತುಂಬುವುದು ಎಲ್ಲವೂ ಬರುತ್ತದೆ.

ಓಬಿಜಿ ಮೇಷ್ಟ್ರು:
ಸರಿ, ಕಾಲಂ ಸೇರಿಸಿದೆ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ:
ಇನ್ನೊಂದು ಮಾತ್ರ ಸೇರಿಸಿ. ಉತ್ತರ ಕೊಟ್ಟವರಿಗೆ ಮೂರ್ನಾಲ್ಕು ತಿಂಗಳೊಳಗೆ ಒಂದು ವಾಟ್ಸಾಪ್ ಸಂದೇಶ ಹಾಕಿ: ನೀವು ಹೀಗೆ ಹೇಳಿದಿರಿ, ನಾವು ಇದನ್ನು ಬದಲಾಯಿಸಿದೆವು, ಇದನ್ನು ಈ ಕಾರಣಕ್ಕೆ ಬದಲಾಯಿಸಲು ಆಗಲಿಲ್ಲ. ಅದಿಲ್ಲದಿದ್ದರೆ ಮುಂದಿನ ಸಲ ಫೋನ್ ಎತ್ತುವುದಿಲ್ಲ.

ಡಿಎನ್‌ಬಿ ಹುಡುಗ:
ಎಲ್ಲ ಸರಿ. ಆದರೆ ಆ ಫೋನ್ ಮಾಡುವ ಕೆಲಸ ಕೊನೆಗೆ ಫಸ್ಟ್ ಇಯರ್ ಪಿಜಿ ತಲೆಗೇ ಬೀಳುತ್ತದೆ, ಅಲ್ವಾ?

ಓಬಿಜಿ ಮೇಷ್ಟ್ರು:
ಇಲ್ಲ ಮಾರಾಯ್ರೇ. ನಮ್ಮ ಕಮ್ಯುನಿಟಿ ಮೆಡಿಸಿನ್‌ನವರ ಹತ್ತಿರ ಮಾತಾಡಿದ್ದೇನೆ, ಅವರಲ್ಲಿ ಒಬ್ಬರು ಮೇಡಂ ಒಪ್ಪಿದ್ದಾರೆ. ಬದಲಿಗೆ ಅವರ ಹಳ್ಳಿ ಕ್ಯಾಂಪ್‌ಗೆ ನಾನು ಎರಡು ಭಾನುವಾರ ಹೋಗಬೇಕಂತೆ.